ಊರಿಗೂ ಒಂದು ಬದು ಇರಲಿ

ತಮ್ಮಾ, ಪಟ್ಟಣದ ಉದ್ಯಾನಗಳ ನಕಾಶೆ ಮಾಡುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ಕೇಳಿ ಹಿಗ್ಗಿದೆ. ಕಾರಂಜಿ, ಜಾರುಬಂಡಿ, ಓಡಾಡಲು ಹಾದಿ ಎಲ್ಲ ಮಾಡು. ಮಕ್ಕಳಿಗೂ ಮುದುಕರಿಗೂ ಅವು ಬೇಕು. ಆದರೆ ಕೆಲಸಕ್ಕೆ ಕೈ ಹಚ್ಚುವ ಮುನ್ನ ಒಮ್ಮೆ ಕನ್ನೊಳ್ಳಿಗೆ ಬಂದು ನಮ್ಮ ಹೊಲದ ಬದುವಿನ ಮೇಲೆ ಅರ್ಧ ತಾಸು ಕುಳಿತು ಹೋಗು.

ಬದುವನ್ನು ಯಾವ ರೈತನೂ ಬಿತ್ತುವುದಿಲ್ಲ. ಆದರೂ ಅಲ್ಲಿ ಬೇವು, ಬನ್ನಿ, ಜಾಲಿ, ಬಾರಿ ತಾವಾಗಿ ಎದ್ದಿರುತ್ತವೆ, ತಂಗಡಿ ಹಳದಿ ಹೂ ಬಿಡುತ್ತದೆ. ಮಣ್ಣು ಹಿಡಿಯುವುದು, ಮಳೆ ನೀರು ತಡೆಯುವುದು, ಬುತ್ತಿ ಬಿಚ್ಚುವವನಿಗೆ ನೆರಳು ಕೊಡುವುದು ಬಿತ್ತದ ಆ ಪಟ್ಟಿಯೇ. ಹಾಗಂತ ಅದನ್ನು ಪಾಳು ಕೆಡವುವುದಿಲ್ಲ. ಒಡೆದಲ್ಲಿ ಮಣ್ಣು ಹಾಕುತ್ತೇವೆ, ಕಂಟಿ ಹಬ್ಬಿದರೆ ಸವರುತ್ತೇವೆ. ನಿನ್ನ ಉದ್ಯಾನದಲ್ಲೂ ಇಂಥದೊಂದು ಪಾಲು ಇರಲಿ.

ಮೊದಲು ಆ ಜಾಗವನ್ನು ಒಂದು ವರ್ಷ ನೋಡು. ದೊಡ್ಡ ಮಳೆ ಬಂದಾಗ ನೀರು ಎತ್ತ ಹರಿಯಿತು, ಎಲ್ಲಿ ನಿಂತಿತು, ಬ್ಯಾಸಿಗೆಯಲ್ಲಿ ಎರಿ ಎಲ್ಲಿ ಬಿರಿಯಿತು, ಬರೆದಿಟ್ಟುಕೋ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಿನ ಹರಳುಗಳ ನಡುವೆಯೇ ತತ್ತಿ ಇಡುತ್ತದೆ. ಮಾಸಲು ಬಣ್ಣ, ಮೇಲೆ ಕಪ್ಪು ಚುಕ್ಕೆ; ಮಗ್ಗುಲಲ್ಲೇ ನಿಂತರೂ ಕಾಣುವುದಿಲ್ಲ. ಅಂಥ ಬಯಲನ್ನು ಜೆಸಿಬಿ ಒಂದೇ ಮುಂಜಾನೆ ಸಮ ಮಾಡಿದ್ದನ್ನು ನಾನು ನೋಡಿದ್ದೇನೆ. ಆ ಹಕ್ಕಿ ಸಂಜೆಯವರೆಗೆ ಅಲ್ಲೇ ಸುತ್ತಿ ಸುತ್ತಿ ಒದರುತ್ತಿತ್ತು. ಆ ದನಿ ಇನ್ನೂ ಕಿವಿಯಲ್ಲಿದೆ.

2016ರಲ್ಲಿ ನಮ್ಮ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾಯಿತು. ಅರಣ್ಯವೆಂಬುದು ಶೇಕಡಾ ಒಂದೂ ಇಲ್ಲದ ಜಿಲ್ಲೆಗೆ ಅದು ಬೇಕೇ ಇತ್ತು. ಆದರೆ ಗಿಡ ಹಚ್ಚುವುದಷ್ಟೇ ನಿಸರ್ಗ ಕಾಯುವುದಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ ಈ ಸೀಮೆಯ ಅಡವಿ ಎಂದರೆ ಹುಲ್ಲು, ಕುರುಚಲು, ನಡುನಡುವೆ ಬಿಡಿ ಮರ. ಅಂಗೈಯಗಲ ಜಾಗವೂ ಬಿಡದೆ ಸಸಿ ತುರುಕಬೇಡ. ನಿತ್ಯ ನೀರು ಕೇಳುವ ಹುಲ್ಲುಹಾಸು ಮಕ್ಕಳು ಆಡುವಲ್ಲಿ ಮಾತ್ರ ಇರಲಿ. ಉಳಿದಲ್ಲಿ ನಮ್ಮ ಹುಲ್ಲು ಬೆಳೆದು ಬೀಜ ಉದುರಿಸಲಿ. ಆಮೇಲೆ ವರ್ಷಕ್ಕೊಮ್ಮೆ ಕೊಯ್ಯಿಸು, ದನ ಕಟ್ಟಿದವರು ಒಯ್ಯಲಿ.

ಕೀಳಬೇಕಾದ್ದನ್ನು ಕೀಳಲು ಹಿಂಜರಿಯಬೇಡ. ಬಳ್ಳಾರಿ ಜಾಲಿಯನ್ನು ಕಡಿದರೆ ಮತ್ತೆ ಚಿಗುರುತ್ತದೆ, ಬೇರು ಅಗೆಸಬೇಕು. ಒಮ್ಮೆಗೇ ಬೋಳಿಸದೆ ತುಂಡು ತುಂಡಾಗಿ ತೆಗೆಸಿ, ಆ ಜಾಗದಲ್ಲಿ ಬೇವು, ಹುಲಗಲ ಎಬ್ಬಿಸು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳಿಸು. ಕೀಳುವವರ ಕೈಗೆ ಗವಸು ಕೊಡು, ಅದು ಮೈ ಕೆರೆತ ತರುತ್ತದೆ. ಬೇಗ ಹಸಿರಾಗುತ್ತದೆಂದು ಯಾರಾದರೂ ಕೊನೊಕಾರ್ಪಸ್ ತಂದರೆ ಬೇಡವೆನ್ನು; ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನಿಷೇಧಿಸಿದೆ.

ಹಾದಿಯ ಅಂಚಿಗೆ ಎರಡು ಮೊಳ ಹುಲ್ಲು ಹೆರೆಸಿ ಓರಣ ಮಾಡಿಸು. ಬೆಂಕಿ ಬಿದ್ದರೆ ಅದು ಅಡ್ಡ ನಿಲ್ಲುತ್ತದೆ. ಒಳಗಿನ ಜಾಗ ಯಾರೋ ಕಾಯುತ್ತಿರುವ ಜಾಗ ಎಂದು ಜನರಿಗೂ ತಿಳಿಯುತ್ತದೆ. ಪಾಳು ಎಂದು ಕಂಡರೆ ಕಸ ಸುರಿಯುತ್ತಾರೆ. ಶಾಲೆ ಮಕ್ಕಳನ್ನು ಕರೆದು ಗೀಜಗನ ಗೂಡು ತೋರಿಸು. ಜನಕ್ಕೆ ಆ ಜಾಗ ತಮ್ಮದೆನಿಸಿದರೆ ಅರ್ಧ ಕಾವಲು ಅವರೇ ಮಾಡುತ್ತಾರೆ. 2021ರಲ್ಲಿ ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಾಗ, ಕಾಡು ಕಾಡಾಗಿಯೇ ಇರಲಿ ಎಂದು ನಿಂತವರು ಸುತ್ತಲಿನ ನಿವಾಸಿಗಳು. ಯೋಜನೆಯನ್ನು ಕೈಬಿಡಬೇಕಾಯಿತು.

ಕಾಗದವೂ ಗಟ್ಟಿ ಇರಬೇಕು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಅದರಂತೆ ಅವುಗಳ ಪಟ್ಟಿ ಮಾಡಬೇಕು. ನಿನ್ನ ಜಾಗ ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡು.

ಕಡೆಯದಾಗಿ ಒಂದು ಮಾತು, ತಮ್ಮಾ. ನಕಾಶೆಯಲ್ಲಿ ಆ ಪಾಲಿಗೆ ‘ಖಾಲಿ ಜಾಗ’ ಎಂದು ಬರೆಯಬೇಡ. ಖಾಲಿ ಎಂದರೆ ನಾಳೆ ಅಲ್ಲಿಗೊಂದು ಕಟ್ಟಡ ಬಂದೇ ಬರುತ್ತದೆ. ‘ಬದು’ ಎಂದು ಬರೆ. ಬದು ಒತ್ತಿದವನನ್ನು ನಮ್ಮ ಕಡೆ ಯಾರೂ ಸುಮ್ಮನೆ ಬಿಡುವುದಿಲ್ಲ.