ಸಾಕೆಟ್ ಮುಚ್ಚುವ ಮುನ್ನ: ಕೊನೆಯ ಚೀಟಿಯೂ ತಲುಪಲಿ

ಆಳಂದದ ತೊಗರಿ ಅಂಗಡಿಯೊಂದಕ್ಕೆ ನೀವು ಪ್ರೋಗ್ರಾಂ ಬರೆದುಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ದಿನದ ತೂಕದ ಚೀಟಿಗಳೆಲ್ಲ ಸಂಜೆ ಕಲಬುರಗಿಯ ಸರ್ವರ್‌ಗೆ ಹೋಗಬೇಕು. 200 ಚೀಟಿ ಕಳಿಸಿ ಕ್ಲೋಸ್ ಕರೆದಿರಿ, ಎರರ್ ಬರಲಿಲ್ಲ. ಆದರೆ ಸರ್ವರ್‌ನಲ್ಲಿ ಕೊನೆಯ ಹತ್ತಾರು ಚೀಟಿಗಳೇ ಇಲ್ಲ. ಅಫಜಲಪುರ, ಜೇವರ್ಗಿ ಕಡೆಯ ವಿದ್ಯಾರ್ಥಿಗಳು ಇಂಥ ಹೊತ್ತಿನಲ್ಲಿ ‘ನಮ್ಮೂರ ನೆಟ್‌ವರ್ಕೇ ಸರಿಯಿಲ್ಲ’ ಎಂದುಬಿಡುತ್ತಾರೆ. ನೆಟ್‌ವರ್ಕನ್ನು ದೂರುವ ಮೊದಲು ಸಾಕೆಟ್ ಮುಚ್ಚಿದ ರೀತಿಯನ್ನು ನೋಡಬೇಕು.

ಸೆಂಡ್ ಯಶಸ್ವಿಯಾಯಿತು ಎಂದರೆ ಡೇಟಾ ನಿಮ್ಮದೇ ಕಂಪ್ಯೂಟರಿನ ಬಫರ್ ಸೇರಿತು ಎಂದಷ್ಟೇ ಅರ್ಥ. ಪ್ರತಿ ಚೀಟಿಗೂ ಸರ್ವರ್ ‘ಓಕೆ’ ಎಂದು ಉತ್ತರಿಸುತ್ತಿದ್ದು, ನೀವು ಅದನ್ನು ಓದದೆಯೇ ಕ್ಲೋಸ್ ಕರೆದರೆ ಲಿನಕ್ಸ್ ‘ನನ್ನದು ಮುಗಿಯಿತು’ ಎನ್ನುವ ಫಿನ್ ಬದಲು ಸಂಪರ್ಕವನ್ನೇ ಕಡಿಯುವ ಆರ್‌ಎಸ್‌ಟಿ ಕಳಿಸುತ್ತದೆ. ಆಗ ಬಫರ್‌ನಲ್ಲಿ ಉಳಿದ ಚೀಟಿಗಳು ಕಳೆದುಹೋದಂತೆಯೇ. ಸರ್ವರ್‌ನ ಲಾಗ್‌ನಲ್ಲಿ ‘ಕನೆಕ್ಷನ್ ರಿಸೆಟ್ ಬೈ ಪಿಯರ್’ ಎಂಬ ಸಾಲು ಕಂಡರೆ ಮೊದಲು ಇದನ್ನೇ ಶಂಕಿಸಿ.

ಟಿಸಿಪಿಯಲ್ಲಿ ಡೇಟಾ ಎರಡು ದಿಕ್ಕಿಗೆ ಹರಿಯುತ್ತದೆ. ತಮ್ಮ ದಿಕ್ಕನ್ನು ಪ್ರತಿಯೊಬ್ಬರೂ ತಾವೇ ಮುಗಿಸುವ ಈ ಕ್ರಮ 1981ರ ಆರ್‌ಎಫ್‌ಸಿ 793ರಲ್ಲೇ ಇದೆ, 2022ರ ಆರ್‌ಎಫ್‌ಸಿ 9293ರಲ್ಲೂ ಮುಂದುವರಿದಿದೆ. ಹಾಗಾಗಿ ಚೀಟಿಗಳನ್ನೆಲ್ಲ ಕಳಿಸಿದ ಮೇಲೆ ಕ್ಲೋಸ್ ಬೇಡ, ಶಟ್‌ಡೌನ್ ಕರೆಯಿರಿ, ಬರೆಯುವ ದಿಕ್ಕಿಗೆ ಮಾತ್ರ. ಸಿ ಮತ್ತು ಪೈಥಾನ್‌ನಲ್ಲಿ ಅದಕ್ಕೆ ಶಟ್_ಡಬ್ಲ್ಯುಆರ್, ಜಾವಾದಲ್ಲಿ ಶಟ್‌ಡೌನ್‌ಔಟ್‌ಪುಟ್. ಬಫರ್‌ನಲ್ಲಿದ್ದದ್ದು ಹೋದ ಮೇಲೆಯೇ ಫಿನ್ ಹೊರಡುತ್ತದೆ.

ಆಮೇಲೆ ಓದುತ್ತಲೇ ಇರಿ. ರಿಸೀವ್ ಸೊನ್ನೆ ಬೈಟ್ ಕೊಟ್ಟರೆ ಆ ಕಡೆಯವರೂ ಮುಗಿಸಿದರು ಎಂದರ್ಥ. ಕ್ಲೋಸ್ ಕರೆಯಬೇಕಾದದ್ದು ಆಗ.

ಇಷ್ಟಾದರೂ ಸಾಲದು, ಈ ಮಾತನ್ನು ಒತ್ತಿ ಹೇಳಬೇಕು. ಟಿಸಿಪಿಯ ಸ್ವೀಕೃತಿ (ಎಸಿಕೆ) ಬಂದರೆ ಚೀಟಿ ಆ ಕಂಪ್ಯೂಟರನ್ನು ಮುಟ್ಟಿತು ಎಂದಾಯಿತೇ ಹೊರತು ಡೇಟಾಬೇಸ್ ಸೇರಿತು ಎಂದಲ್ಲ. ‘200 ಚೀಟಿ ಉಳಿಸಿದ್ದೇನೆ’ ಎಂದು ಸರ್ವರ್ ಪ್ರೋಗ್ರಾಮೇ ಕೊನೆಗೊಂದು ಉತ್ತರ ಕೊಡುವಂತೆ ಮಾಡಿ. ಅದು ಕೈಗೆ ಬರುವವರೆಗೆ ಅಂಗಡಿಯ ಕಂಪ್ಯೂಟರಿನಿಂದ ಒಂದು ಚೀಟಿಯನ್ನೂ ಅಳಿಸಬೇಡಿ. ನಡುವೆ ಲೈನ್ ಹೋದರೆ ಫಿನ್ ಬರುವುದೇ ಇಲ್ಲ, ರಿಸೀವ್ ಕಾಯುತ್ತಲೇ ಕೂರುತ್ತದೆ. ಅದಕ್ಕೆ 30 ಸೆಕೆಂಡಿನ ಟೈಮ್‌ಔಟ್ ಇಡಿ. ಸಮಯ ಮೀರಿದರೆ ಮತ್ತೆ ಸಂಪರ್ಕಿಸಿ ಪುನಃ ಕಳಿಸಿ. ಪ್ರತಿ ಚೀಟಿಗೂ ಕ್ರಮಸಂಖ್ಯೆ ಇರಲಿ, ಒಮ್ಮೆ ಬಂದ ಸಂಖ್ಯೆಯನ್ನು ಸರ್ವರ್ ಎರಡನೇ ಸಲ ಜಮಾ ಮಾಡದಿರಲಿ. ರೈತನ ಒಂದು ಕ್ವಿಂಟಾಲ್ ಬಿಟ್ಟುಹೋಗಲೂಬಾರದು, ಎರಡಾಗಲೂಬಾರದು.

ಸರ್ವರ್ ಬರೆಯುವವರಿಗೂ ಒಂದು ಕೆಲಸವಿದೆ. ಸೊನ್ನೆ ಬೈಟ್ ಓದಿದ ಮೇಲೆ ಉತ್ತರ ಕಳಿಸಿ, ನಿಮ್ಮ ಕಡೆಯ ಸಾಕೆಟ್ಟನ್ನೂ ಮುಚ್ಚಿ. ಮರೆತರೆ ಆ ಸಂಪರ್ಕ ಕ್ಲೋಸ್_ವೇಟ್ ಸ್ಥಿತಿಯಲ್ಲೇ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ತೆರೆಯಬಹುದಾದ ಫೈಲುಗಳಿಗೆ (ಸಾಕೆಟ್ಟೂ ಅದರಲ್ಲಿ ಸೇರಿದೆ) ಸಾಮಾನ್ಯವಾಗಿ ಇರುವ ಮಿತಿ 1024. ಅದು ತುಂಬಿದ ದಿನ ಹೊಸಬರು ಯಾರೂ ಒಳಗೆ ಬರಲಾರರು. ಎಸ್‌ಎಸ್ ಆದೇಶ ಕೊಟ್ಟು ಇಂಥ ಸಂಪರ್ಕಗಳು ಉಳಿದಿವೆಯೇ ಎಂದು ಆಗಾಗ ನೋಡಿ.

ಟೈಮ್_ವೇಟ್ ಸ್ಥಿತಿ ಕಂಡರೆ ಮಾತ್ರ ಗಾಬರಿ ಬೇಡ. ಮೊದಲು ಮುಚ್ಚಿದವರ ಕಡೆ ಅದು ಲಿನಕ್ಸ್‌ನಲ್ಲಿ 60 ಸೆಕೆಂಡ್ ಇದ್ದು ತಾನಾಗಿಯೇ ಹೋಗುತ್ತದೆ. ಅದನ್ನು ತಪ್ಪಿಸಲು ಸಾಕೆಟ್ಟಿನ ಲಿಂಗರ್ ಅವಧಿಯನ್ನು ಸೊನ್ನೆಗೆ ಇಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಾಗೆ ಇಟ್ಟರೆ ಕ್ಲೋಸ್ ಕರೆದಾಗಲೆಲ್ಲ ಆರ್‌ಎಸ್‌ಟಿಯೇ ಹೋಗುತ್ತದೆ. ರೈತರ ಲೆಕ್ಕ ಸಾಗಿಸುವ ಪ್ರೋಗ್ರಾಂನಲ್ಲಿ ಅದಕ್ಕೆ ಜಾಗವಿಲ್ಲ.