ಐಸ್ ಜಗಿಯುವ ಚಪಲ: ಹಲ್ಲಿಗೆ ಕೇಡು, ರಕ್ತಹೀನತೆಯ ಸುಳಿವು

ಬೇಸಿಗೆಯಲ್ಲಿ ಪಾನಕಕ್ಕೆ ಎರಡು ತುಂಡು ಐಸ್ ಹಾಕಿ ಕುಡಿದರೆ ತಪ್ಪಿಲ್ಲ. ಆದರೆ ಮನೆಯಲ್ಲಿ ಯಾರಾದರೂ ದಿನವೂ ಐಸನ್ನೇ ಕಟಕಟನೆ ಕಡಿದು ತಿನ್ನುತ್ತಿದ್ದರೆ ನಾವು ಎರಡನ್ನು ಗಮನಿಸಬೇಕು: ಅವರ ಹಲ್ಲು ಮತ್ತು ಅವರ ರಕ್ತ.

ಹಲ್ಲಿಗೆ ಏನಾಗುತ್ತದೆ?

ಹಲ್ಲಿನ ಹೊರಕವಚವಾದ ಎನಾಮಲ್ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೂ ಪದೇಪದೇ ಐಸ್ ಕಡಿದರೆ ಅದರಲ್ಲಿ ಸಣ್ಣ ಬಿರುಕುಗಳು ಬೀಳುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಒಡೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹಲ್ಲು ಜುಮ್ಮೆನ್ನುತ್ತದೆ, ಹುಳುಕಿಗೆ ತುಂಬಿಸಿದ್ದು ಕಳಚುತ್ತದೆ, ಕೆಲವೊಮ್ಮೆ ಹಲ್ಲೇ ಸೀಳುತ್ತದೆ.

ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿರುವ ನಮಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿಯ ಹಲವು ಊರುಗಳಲ್ಲಿ ಬಂಡೆಗಳಿಂದ ಕರಗಿದ ಫ್ಲೋರೈಡ್ ಬೋರ್‌ವೆಲ್ ನೀರಿನಲ್ಲಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಒಳಸೇರಿದರೆ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆ ಮೂಡುತ್ತವೆ. ತೀವ್ರವಾದರೆ ಎನಾಮಲ್ ಟೊಳ್ಳಾಗಿ ಚಕ್ಕೆಯೇಳುತ್ತದೆ. ಅಂಥ ಹಲ್ಲಿನಿಂದ ಐಸ್ ಕಡಿಯುವುದು ಬಿರುಕು ಗೋಡೆಗೆ ಸುತ್ತಿಗೆ ಹೊಡೆದಂತೆ.

ಬೋರ್‌ವೆಲ್ ನೀರನ್ನು ಕುದಿಸಿದರೂ ಫ್ರಿಜ್ಜಿನಲ್ಲಿ ಐಸ್ ಮಾಡಿದರೂ ಫ್ಲೋರೈಡ್ ಹೋಗುವುದಿಲ್ಲ. ಇದಕ್ಕಾಗಿಯೇ ಕಾವೇರಿ ನೀರನ್ನು ಶುದ್ಧಮಾಡಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕೊಡುವ ಹೊಗೇನಕಲ್ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಆ ನೀರು ಬರುವ ಊರಿನಲ್ಲಿ ಕುಡಿಯಲು, ಅಡುಗೆಗೆ ಅದನ್ನೇ ಬಳಸೋಣ.

ರಕ್ತದ ಮಾತು

ಐಸ್, ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನಬೇಕೆಂಬ ತಡೆಯಲಾರದ ಆಸೆ ಅನೇಕ ವೇಳೆ ಕಬ್ಬಿಣಾಂಶದ ಕೊರತೆಯ ಲಕ್ಷಣ. ಗರ್ಭಿಣಿಯರಲ್ಲಿ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಲ್ಲಿ, ಹೊಟ್ಟೆಹುಳುವಿರುವ ಮಕ್ಕಳಲ್ಲಿ ಇದನ್ನು ಕಾಣುತ್ತೇವೆ. ಜೊತೆಗೆ ಸುಸ್ತು, ಏದುಸಿರು, ಬಿಳಿಚಿದ ಕಣ್ಣರೆಪ್ಪೆಯ ಒಳಭಾಗ ಇದ್ದರೆ ಸಂಶಯ ಬಲವಾಗುತ್ತದೆ. ಕೊರತೆ ನೀಗಿದಾಗ ಈ ಚಪಲ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಆದ್ದರಿಂದ ಸೊಸೆಯನ್ನೋ ಮಗಳನ್ನೋ ಗದರಿಸಿ ಫಲವಿಲ್ಲ. ರಕ್ತ ಪರೀಕ್ಷೆ ಮಾಡಿಸಬೇಕು.

ನಾವು ಮಾಡಬೇಕಾದದ್ದು

1. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ.

2. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಡುವೆ ಬಿಡಬೇಡಿ. ಮಲ ಕಪ್ಪಾದರೆ ಹೆದರಬೇಕಿಲ್ಲ. ಮಾತ್ರೆಯೊಂದಿಗೆ ನಿಂಬೆರಸ ಒಳ್ಳೆಯದು. ಚಹಾ, ಕಾಫಿ ಬೇಡ.

3. ಫೆಬ್ರವರಿ, ಆಗಸ್ಟ್ ತಿಂಗಳುಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಹುಳುವಿನ ಮಾತ್ರೆಯನ್ನು ಮಕ್ಕಳಿಗೆ ತಪ್ಪದೆ ಕೊಡಿಸಿ.

4. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆಗಿಡ, ನಾಲ್ಕು ಮಡಿ ದಂಟಿನ ಸೊಪ್ಪು ಬೆಳೆಸಿ. ರಾಗಿಮುದ್ದೆ, ಹುರುಳಿಸಾರು, ಸೊಪ್ಪಿನ ಜೊತೆ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿಂದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ.

5. ಮೀನಿಗೆ, ಬಾಟಲಿ ತಂಪಿಗೆ ಬಳಸುವ ಐಸ್ ಬಾಯಿಗೆ ಹಾಕಬೇಡಿ. ತಣ್ಣಗಾದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ.

ಐಸಿನ ಆಸೆ ಬಂದಾಗ ತಣ್ಣನೆ ಮಜ್ಜಿಗೆ ಕುಡಿಯಿರಿ. ಐಸ್ ಬೇಕೇ ಬೇಕೆನಿಸಿದರೆ ಕಡಿಯದೆ ಬಾಯಲ್ಲಿ ಕರಗಿಸಿಕೊಳ್ಳಿ. ಆಸೆ ದಿನವೂ ಮರುಕಳಿಸಿದರೆ ವೈದ್ಯರನ್ನು ಕಾಣಲು ತಡಮಾಡಬೇಡಿ.