ಜೀನ್ ಪರೀಕ್ಷೆಗೂ ಮೊದಲು ಬಿ12

ಅಮ್ಮನಿಗೆ ಮರೆವು ಶುರುವಾಗಿದೆ, ಅಜ್ಜಿಗೂ ಹೀಗೇ ಆಗಿತ್ತು, ನಾವಿಬ್ಬರೂ ಜೀನ್ ಪರೀಕ್ಷೆ ಮಾಡಿಸೋಣವೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಮೊದಲು ಅವರ ರಕ್ತದಲ್ಲಿ ಬಿ12, ಥೈರಾಯ್ಡ್, ಸೋಡಿಯಂ ಹೇಗಿದೆ ಎಂದು ನೋಡಿಸಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ ಸಂಗತಿ. ಅಮ್ಮ ಸಸ್ಯಾಹಾರಿ, ಹಾಲು ಮೊಸರೂ ಅಷ್ಟಕ್ಕಷ್ಟೇ, ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ, ಪಾದ ಜೋಮು ಹಿಡಿಯುತ್ತದೆ. ಇಷ್ಟು ಸೇರಿದರೆ ಬಿ12 ಕೊರತೆಯ ಅನುಮಾನ ಬರಲೇಬೇಕು. ಬಿ12 ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುತ್ತದೆ. 2010ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಅಧ್ಯಯನದಲ್ಲಿ, ಮರೆವಿನ ಮೊದಲ ಹಂತದಲ್ಲಿದ್ದ ಹಿರಿಯರಿಗೆ ಎರಡು ವರ್ಷ ಬಿ ವಿಟಮಿನ್‌ಗಳನ್ನು ಕೊಟ್ಟಾಗ ಮಿದುಳು ಕುಗ್ಗುವ ವೇಗ ತಗ್ಗಿತು. ಹೋಮೋಸಿಸ್ಟೀನ್ ಹೆಚ್ಚಿದ್ದವರಿಗೇ ಹೆಚ್ಚು ಲಾಭ. ಹಾಗೆಂದು ಎಲ್ಲರ ಮರೆವಿಗೂ ಇದೇ ಮದ್ದಲ್ಲ. ಬರೀ ಫೋಲಿಕ್ ಆಸಿಡ್ ಮಾತ್ರೆ ತಂದುಕೊಡಬೇಡಿ: ರಕ್ತಹೀನತೆ ಸರಿಹೋದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ಇನ್ನು ಜೀನ್. ಎಪಿಒಇ ಜೀನಿನ ಇ4 ಬಗೆ ಅಲ್ಝೈಮರ್ ಅಪಾಯ ಹೆಚ್ಚಿಸುವುದು ನಿಜ, ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಇನ್ನೂ ಹೆಚ್ಚು. ಆದರೆ ಇ4 ಇದ್ದೂ ಕೊನೆಯವರೆಗೆ ಚುರುಕಾಗಿದ್ದವರಿದ್ದಾರೆ, ಇಲ್ಲದೆಯೂ ಕಾಯಿಲೆ ಬಂದವರಿದ್ದಾರೆ. ಆ ವರದಿ ಹಿಡಿದು ನೀವು ನಿದ್ದೆಗೆಡುವುದು ನನಗಿಷ್ಟವಿಲ್ಲ. ಬಿಪಿ, ಸಕ್ಕರೆ ಹತೋಟಿಯಲ್ಲಿಡಿ. ಅಮ್ಮನಿಗೆ ಕಿವಿ ಮಂದವಾಗಿದ್ದರೆ ಯಂತ್ರ ಹಾಕಿಸಿ. ಈ ವಾರವೇ ಅವರ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಕರೆದೊಯ್ಯಿರಿ. ಮೆಟ್‌ಫಾರ್ಮಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.